ಯಾರ ಬೇಸಿಗೆ ಮುಗಿಯಿತು?

ನಮ್ಮ ಬದನಗುಪ್ಪೆ ಕಡೆ ಬೇಸಿಗೆ ಎರಡು ಸಲ ಮುಗಿಯುತ್ತದೆ. ಮೊದಲು ಮಳೆ ಮುಗಿಸುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆ ಜೂನ್ ಮುಂಗಾರಿಗೆ ಬಾಯಿ ಬಿಟ್ಟು ಕಾಯುವ ಸೀಮೆಯಲ್ಲ. ಘಟ್ಟದ ಮಳೆನೆರಳಿನಲ್ಲಿರುವ ಇಲ್ಲಿಗೆ ಭರಣಿ, ಕೃತ್ತಿಕೆಯೇ ದೊಡ್ಡ ಮಳೆಗಳು. ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಹುಯ್ದು ಹೋಗುತ್ತದೆ, ಜೂನ್ ಜುಲೈಗೆ ಬರೀ ಗಾಳಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಂದು ಸುತ್ತು. ಹಾಗಾಗಿ ಕ್ಯಾಲೆಂಡರಿನಲ್ಲಿ ಬೇಸಿಗೆ ಇನ್ನೂ ಬಾಕಿ ಇರುವಾಗಲೇ ಹೊಲಕ್ಕೆ ಜೋಳ, ಹತ್ತಿ, ಸೂರ್ಯಕಾಂತಿ ಬಿದ್ದಿರುತ್ತದೆ, ಅರಿಶಿನದ ಗೆಡ್ಡೆ ನಾಟಿಗೆ ಕಾದಿರುತ್ತದೆ. ಎರಡನೇ ಸಲ ಮುಗಿಸುವುದು ಶಿಕ್ಷಣ ಇಲಾಖೆ. 2024ರಲ್ಲೂ 2025ರಲ್ಲೂ ಶಾಲೆ ಶುರುವಾದದ್ದು ಮೇ 29ಕ್ಕೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳ ಕೈಗೆ ಸಿಹಿ ಕೊಟ್ಟು, ಪ್ರಾರಂಭೋತ್ಸವ ಅಂತ ಮಾಡುತ್ತಾರೆ.

ಹೆತ್ತವರ ಹೊಟ್ಟೆಯಲ್ಲಿ ಏನೋ ಕಲಕುವುದು ಈ ಎರಡನೇ ಮುಕ್ತಾಯಕ್ಕೆ. ಮಗು ಒಂದು ತರಗತಿ ಮೇಲೆ ಹೋಯಿತೆಂಬ ಹಿಗ್ಗು, ಮನೆ ಬಣಗುಟ್ಟುತ್ತದಲ್ಲ ಎಂಬ ಕೊರಗು, ಎರಡೂ ಒಂದೇ ಬೆಳಿಗ್ಗೆ. ಹಿರಿಯರನ್ನು ಕೇಳಿದರೆ ‘ಮಕ್ಳು ಬೆಳೀತವೆ, ಹೋಯ್ತವೆ, ಅದ್ಕೆಲ್ಲ ಕೊರಗಕಾಯ್ತದಾ’ ಅನ್ನುತ್ತಾರೆ. ಮಾತು ಸರಿ. ಆದರೆ ಈ ಕೊರಗನ್ನೆಲ್ಲ ಪ್ರಕೃತಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಕಾಲದ ಪಾಲೊಂದಿದೆ, ಅದಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ. ಇನ್ನೊಂದು ನಾವೇ ಮಾಡಿಟ್ಟ ಏರ್ಪಾಡುಗಳ ಪಾಲು. ರಜೆಯ ಲೆಕ್ಕ, ಶಾಲೆಯ ದೂರ, ಬಸ್ಸಿನ ಹೊತ್ತು, ಹಾಸ್ಟೆಲಿನ ನಿಯಮ, ಎಲ್ಲ ಇದರಲ್ಲಿ ಬರುತ್ತವೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹಣೆಬರಹ ಅಂದುಬಿಟ್ಟರೆ, ಬಿಚ್ಚಬಹುದಾದ ಗಂಟೂ ಬಿಚ್ಚದೆ ಉಳಿಯುತ್ತದೆ.

ಮೊದಲು ಕಾಲದ ಪಾಲು. ಸಮವಸ್ತ್ರ ಹೊಲಿಯುವ ಟೈಲರ್ ಅಳತೆ ತೆಗೆಯುವಾಗಲೇ ಕೇಳುತ್ತಾರೆ, ‘ಒಳಕ್ಕೆ ಎಷ್ಟು ಮಡಚ್ಲಿ?’ ಬೆಳೆಯುವ ಮಗು, ಮೂರು ಬೆರಳು ಇರಲಿ ಎಂದು ಅವ್ವ ಹೇಳುತ್ತಾಳೆ. ಲಂಗದ ಅಂಚಿನೊಳಗೆ ಆ ಮೂರು ಬೆರಳು ಬಟ್ಟೆ ವರ್ಷವಿಡೀ ಅಡಗಿರುತ್ತದೆ. ರಜೆ ಮುಗಿಯುವ ಹೊತ್ತಿಗೆ ಲಂಗ ಮಂಡಿಯ ಮೇಲಕ್ಕೆ ಬಂದಿರುತ್ತದೆ. ಆಗ ಹಳೇ ಬ್ಲೇಡು ಹಿಡಿದು, ಬಟ್ಟೆಗೆ ತಾಗದಂತೆ ಒಂದೊಂದೇ ಹೊಲಿಗೆ ಕೊಯ್ದು, ಮಡಿಕೆ ಬಿಚ್ಚಬೇಕು. ಒಳಗಿನ ಪಟ್ಟಿಯ ನೀಲಿ ಅಂಗಡಿಯಿಂದ ತಂದ ದಿನದ ನೀಲಿ. ಮೇಲಿನದ್ದು ಬಿಸಿಲಿಗೆ, ಸೋಪಿಗೆ, ಕಲ್ಲಿನ ಮೇಲಿನ ಬಡಿತಕ್ಕೆ ಮಾಸಿದೆ. ಮಧ್ಯೆ ಹಳೇ ಹೊಲಿಗೆಯ ಗೆರೆ, ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗದು. ಮಗು ಎಷ್ಟು ಬೆಳೆಯಿತು ಎನ್ನುವುದನ್ನು ಆ ಲಂಗ ತೊಟ್ಟು ಹೋಗುವ ಹುಡುಗಿಯ ಮೇಲೆ ಊರೇ ಓದಬಹುದು. ಹುಡುಗಿಗೆ ಆ ಗೆರೆ ಅಂದರೆ ನಾಚಿಕೆ. ಅವ್ವನಿಗೆ ಮಾತ್ರ ಅದು ಲೆಕ್ಕ ತಪ್ಪಲಿಲ್ಲವೆಂಬ ಸಮಾಧಾನ, ಮುಂದಿನ ವರ್ಷಕ್ಕೆ ಮಡಿಕೆ ಇಲ್ಲವಲ್ಲ ಎಂಬ ಚಿಂತೆ.

ಇಂಥ ಸಂಕಟಕ್ಕೆ ಕಾರಣವೇನು? ಮಗು ಚಿಕ್ಕದಾಗಿಯೇ ಇರಲಿ ಎಂದು ಯಾವ ತಾಯಿ ತಂದೆಯೂ ಬಯಸುವುದಿಲ್ಲ. ಬೆಳೆಯದ ಮಗುವನ್ನು ಎತ್ತಿಕೊಂಡು ಆಸ್ಪತ್ರೆ ಆಸ್ಪತ್ರೆ ಅಲೆಯುವವರನ್ನು ನೋಡಿದವರಿಗೆ ಇದು ಗೊತ್ತು. ನಮಗೆ ನೋವಾಗುವುದು ನಮ್ಮ ಕೆಲಸ ಒಂದೊಂದಾಗಿ ಕೈತಪ್ಪುವುದಕ್ಕೆ. ಕಳೆದ ಬೇಸಿಗೆಯಲ್ಲಿ ಜಡೆ ಹೆಣೆಸಿಕೊಳ್ಳಲು ಬೆನ್ನು ಕೊಟ್ಟು ಕೂತವಳು ಈ ಬೇಸಿಗೆ ಕನ್ನಡಿ ಮುಂದೆ ನಿಂತು ತಾನೇ ಹೆಣೆದುಕೊಳ್ಳುತ್ತಾಳೆ. ನಾವೇ ಕಲಿಸಿದ್ದು, ಅವಳು ಕಲಿತಳು. ಕೆಲಸ ಕೈಗೂಡಿದ್ದಕ್ಕೇ ಬರುವ ಕೊರಗಿದು. ಇದನ್ನು ದೂರ ಮಾಡಬೇಕೆಂದು ನನಗೆ ಅನ್ನಿಸುವುದಿಲ್ಲ. ಮಕ್ಕಳ ಮೇಲೆ ಹೊರಿಸದಿದ್ದರೆ ಸಾಕು. ಹೊರಿಸುವ ಪರಿಪಾಠವೂ ನಮ್ಮಲ್ಲಿ ಕಮ್ಮಿ ಇಲ್ಲ. ‘ನೀನು ಹೋದ್ರೆ ನಂಗ್ಯಾರವ್ರೆ’ ಎಂದು ಹತ್ತು ವರ್ಷದ ಮಗುವಿನ ಎದುರು ಅಳುವ ದೊಡ್ಡವರು ತಮ್ಮ ಒಂಟಿತನದ ಚಾಕರಿಗೆ ಆ ಮಗುವನ್ನು ನೇಮಿಸುತ್ತಿದ್ದಾರೆ.

ಮಕ್ಕಳೊಂದಿಗೆ ಕಳೆಯಲು ನಮಗೆ ಸಿಗುವುದು ಹದಿನೆಂಟೇ ಬೇಸಿಗೆ, ಒಂದನ್ನೂ ಹಾಳು ಮಾಡಬೇಡಿ ಎನ್ನುವ ಮಾತು ಈಗ ಮೊಬೈಲುಗಳಲ್ಲಿ ಓಡಾಡುತ್ತಿದೆ. ಬೇರೆ ದೇಶದ, ಬೇರೆ ಮನೆಗಳ ಲೆಕ್ಕ ಅದು. ಆ ಲೆಕ್ಕದಲ್ಲಿ ಮಗು ಹದಿನೆಂಟಕ್ಕೆ ಮನೆ ಬಿಡುತ್ತದೆ, ಬೇಸಿಗೆಯಲ್ಲಿ ತಾಯಿ ತಂದೆಗೂ ರಜೆ ಇರುತ್ತದೆ. ಬದನಗುಪ್ಪೆಯಲ್ಲಿ ಎರಡೂ ಸುಳ್ಳು.

ರಜೆಯ ವಿಚಾರ ಮೊದಲು ನೋಡಿ. 2024, 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಮಕ್ಕಳಿಗೆ 48 ದಿನ. ಹೊಲದ ಮನೆಗಳಲ್ಲಿ ಈ ದಿನಗಳೇ ಉಳುಮೆ ಬಿತ್ತನೆಯ ದಿನಗಳು. ಬೇಸಾಯಕ್ಕೆ ಅನುಕೂಲವಾಗಲೆಂದು ಬೇಸಿಗೆ ರಜೆ ಇಟ್ಟರು ಎಂಬ ಮಾತಿದೆ. ಆದರೆ ನಮ್ಮ ಹಿಂದಿನ ಕೂಲಿಮಠಗಳಿಗೆ ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ, ಅಷ್ಟಮಿಯಂಥ ಅನಧ್ಯಯನದ ದಿನಗಳಿದ್ದವು. ತಿಂಗಳುಗಟ್ಟಲೆ ಬಾಗಿಲು ಹಾಕುವ ರಜೆ ಇಂಗ್ಲಿಷರ ಕಾಲದ ಕಚೇರಿ, ಕೋರ್ಟುಗಳ ಜೊತೆಯಲ್ಲಿ ಬಂದದ್ದು. ಬಿಸಿಲು ತಡೆಯದ ಸಾಹೇಬರಿಗೆ ಬೇಕಾದ ರಜೆ, ಕೃತ್ತಿಕೆ ಮಳೆಗೆ ನೇಗಿಲು ಕಟ್ಟುವ ನಮ್ಮ ಸೀಮೆಗೆ ಅಕಸ್ಮಾತ್ತಾಗಿ ಹೊಂದಿಕೊಂಡಿತು. ಮಕ್ಕಳು ಹೊಲಕ್ಕೆ ಆಳಾದರು. ಅಪ್ಪ ಅವ್ವನ ಪಕ್ಕದಲ್ಲೇ ಇದ್ದರು ನಿಜ. ಆದರೆ ಕಳೆ ಕೀಳುತ್ತ, ದನ ಕಾಯುತ್ತ, ರೇಷ್ಮೆ ಹುಳುವಿಗೆ ಸೊಪ್ಪು ಹೊರುತ್ತ ಇದ್ದರು. ಆ ಕಾಲವನ್ನು ಚಿನ್ನದ ಕಾಲ ಮಾಡಿ ಬರೆಯುವವರ ಸಾಲಿಗೆ ನಾನು ಸೇರುವುದಿಲ್ಲ.

ಈಗ ಬದನಗುಪ್ಪೆ, ಕೆಲ್ಲಂಬಳ್ಳಿ ಸುತ್ತ ಕೈಗಾರಿಕಾ ಪ್ರದೇಶ ಎದ್ದಿದೆ. ಸಾವಿರಕ್ಕೂ ಹೆಚ್ಚು ಎಕರೆ ಹೊಲ ಕೈಗಾರಿಕೆಗೆ ಹೋಯಿತು. ಬಣ್ಣ ತಯಾರಿಸುವ ದೊಡ್ಡ ಕಾರ್ಖಾನೆಯೂ ಬಂತು. ಗೇಟಿನೊಳಗೆ ದುಡಿಯುವ ತಾಯಿಯ ರಜೆಯ ಲೆಕ್ಕ ಬೇರೆ. 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಸೂತ್ರದ ಪ್ರಕಾರ ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ. ವರ್ಷಕ್ಕೆ 280 ದಿನ ದುಡಿದವಳಿಗೆ 14 ದಿನ. ಅದರಲ್ಲೇ ಜ್ವರ, ಮದುವೆ, ತಿಥಿ, ಮಲೆ ಮಾದಪ್ಪನ ಪರಸೆ ಎಲ್ಲ ಆಗಬೇಕು. 48ರ ಎದುರಿಗೆ 14. ಅದೇ ಕಾಯ್ದೆ, ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕು ಎಂದಿತ್ತು. ಅಂದರೆ ಕಾನೂನಿಗೆ ಮಗುವಿನ ನೆನಪಿರುವುದು ಆರು ವರ್ಷದವರೆಗೆ. ಏಳರಿಂದ ಹನ್ನೆರಡರ ಮಗು ಏಪ್ರಿಲ್ ಮೇ ತಿಂಗಳಲ್ಲಿ ಯಾರ ವಹಿಗೂ ಸೇರಿಲ್ಲ. ಕೊಡಗಿನ ಕಾಫಿ ತೋಟಕ್ಕೆ, ವಯನಾಡಿನ ಶುಂಠಿ ಹೊಲಕ್ಕೆ ಕೂಲಿಗೆ ಹೋಗುವವರಿಗಂತೂ ಯಾವ ಸೂತ್ರವೂ ಕೈಗೆ ಸಿಗುವುದಿಲ್ಲ. ಮಕ್ಕಳು ಅಜ್ಜಿ ಹತ್ತಿರ.

ಆದ್ದರಿಂದಲೇ ಬೇಸಿಗೆ ಮುಗಿದಾಗ ಇಲ್ಲಿನ ಎಷ್ಟೋ ತಾಯಂದಿರ ಬಾಯಲ್ಲಿ ಮೊದಲು ಬರುವ ಮಾತು ‘ಸದ್ಯ, ಇಸ್ಕೂಲ್ ಸುರುವಾಯ್ತು’. ಇದನ್ನು ಕೇಳಿ ಕಟುಕರು ಎಂದುಕೊಳ್ಳುವವರು ಕೆರೆ ಕಡೆ, ಕೃಷಿ ಹೊಂಡಗಳ ಕಡೆ ಒಮ್ಮೆ ನೋಡಬೇಕು. ಈಚಿನ ವರ್ಷಗಳಲ್ಲಿ ಹೊಲ ಹೊಲದಲ್ಲಿ ತೋಡಿದ ಹೊಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಕಾಲಿಟ್ಟರೆ ಜಾರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಈಜಲು ಹೋದ ಮಕ್ಕಳ ಸುದ್ದಿ ಬಾರದ ಬೇಸಿಗೆ ನಮ್ಮ ಪತ್ರಿಕೆಗಳಲ್ಲಿ ಇಲ್ಲ. ಮಷೀನಿನ ಮುಂದೆ ಕೂತು, ಮೊಬೈಲನ್ನು ಲಾಕರಿನಲ್ಲಿಟ್ಟು, ‘ಹುಡುಗ ಎಲ್ಲಿ ಹೋದನೋ’ ಎಂದು ಸಂಜೆವರೆಗೆ ಕುದಿಯುವವಳಿಗೆ ಶಾಲೆಯ ಗಂಟೆ ಬಿಡುಗಡೆಯ ಗಂಟೆ. ಅವಳಿಗೂ ಕೊರಗಿದೆ. ಆದರೆ ಅದು ಮಗು ಬೆಳೆಯಿತಲ್ಲ ಎಂಬುದಕ್ಕಲ್ಲ, ಬೆಳೆಯುವಾಗ ತಾನು ಅಲ್ಲಿರಲಿಲ್ಲವಲ್ಲ ಎಂಬುದಕ್ಕೆ. ಮಗ ಸೈಕಲ್ ಕಲಿತದ್ದು ಅವಳಿಗೆ ಗೊತ್ತಾದದ್ದು ಮಂಡಿಯ ಗಾಯ ನೋಡಿ. ಮೊದಲ ಬಗೆಯ ಕೊರಗಿನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಬರೆಯುವವರಿಗೆ ಬೇಸಿಗೆಯಲ್ಲಿ ಬಿಡುವಿರುತ್ತದೆ.

ಮೈಸೂರಿಗೆ ಹೋದರೆ ರಂಗಾಯಣದ ಚಿಣ್ಣರ ಮೇಳವಿದೆ. ಮಕ್ಕಳು ಹಾಡಿ ಕುಣಿದು ನಾಟಕ ಕಟ್ಟಿ ಬೇಸಿಗೆಯನ್ನು ಬೇಸಿಗೆಯಾಗಿಯೇ ಕಳೆಯುತ್ತಾರೆ. ಬಹಳ ಒಳ್ಳೆಯ ಕೆಲಸ, ಬದನಗುಪ್ಪೆಯಿಂದ ದಿನಾ ಕರೆದುಕೊಂಡು ಹೋಗುವವರು ಯಾರು ಅನ್ನುವುದೊಂದೇ ಪ್ರಶ್ನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾದ ಮೇಲೆ ಹಳ್ಳಿಗಳಲ್ಲೂ ಬೇಸಿಗೆ ಶಿಬಿರಗಳು ಕಾಣಿಸಿಕೊಂಡಿವೆ. ಅವು ಕೆಲವು ದಿನಗಳ ಮಟ್ಟಿಗೆ. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ಮೇಲೆ, 2024ರ ಬೇಸಿಗೆ ರಜೆಯಲ್ಲೂ ಶಾಲೆಗಳಲ್ಲಿ ಬಿಸಿಯೂಟ ಮುಂದುವರಿಸಿದರು. ಪಾಠವಿಲ್ಲದ ಶಾಲೆಗೆ ಮಕ್ಕಳು ತಟ್ಟೆ ಹಿಡಿದು ಬಂದರು. ರಜೆಯಲ್ಲೂ ಶಾಲೆಯ ಕಟ್ಟಡ ಊರಿನ ಮಕ್ಕಳಿಗೆ ಬಾಗಿಲು ತೆರೆದಿರಬಹುದು ಎನ್ನುವುದಕ್ಕೆ ಬರಗಾಲವೇ ಪುರಾವೆ ಒದಗಿಸಿತು. ಬರ ಹೋಯಿತು, ಬಾಗಿಲು ಮುಚ್ಚಿತು.

ಇನ್ನು ಆ ಹದಿನೆಂಟು. ನಮ್ಮ ಕಡೆ ಓದಿನಲ್ಲಿ ಚುರುಕಾದ ಮಗು ಮನೆ ಬಿಡುವುದು ಹತ್ತು ಹನ್ನೊಂದಕ್ಕೆ. ಐದನೇ ತರಗತಿ ಮುಗಿಯುವ ಮುಂಚೆಯೇ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳ ಪ್ರವೇಶ ಪರೀಕ್ಷೆ ಶುರು. 1986ರ ಶಿಕ್ಷಣ ನೀತಿಯೊಂದಿಗೆ ಹಬ್ಬಿದ ನವೋದಯ ನಮ್ಮ ಜಿಲ್ಲೆಗೆ ಹೊಂಡರಬಾಳಿನಲ್ಲಿದೆ. ಅಪ್ಪ ಸೈಬರ್ ಅಂಗಡಿ ಮುಂದೆ ಕ್ಯೂ ನಿಂತು ಅರ್ಜಿ ಹಾಕುತ್ತಾನೆ, ಅವ್ವ ಹರಕೆ ಹೊರುತ್ತಾಳೆ, ಮಗು ಕೋಚಿಂಗಿಗೆ ಹೋಗುತ್ತದೆ. ಪಟ್ಟಿಯಲ್ಲಿ ಹೆಸರು ಬಂದರೆ ಬೀದಿಗೆಲ್ಲ ಸಕ್ಕರೆ. ಆಮೇಲೆ ಚಾಮರಾಜನಗರದ ಪೇಟೆಯಲ್ಲಿ ತಗಡಿನ ಟ್ರಂಕು, ಬೀಗ, ಬಕೆಟ್ಟು, ಮಗ್ಗು, ತಟ್ಟೆ ಲೋಟ. ಎಲ್ಲದರ ಮೇಲೂ ಹೆಸರು. ಟ್ರಂಕಿನ ತಳದಲ್ಲಿ ಕಜ್ಜಾಯದ ಡಬ್ಬಿ, ಚಟ್ನಿಪುಡಿ. ಬೀಗದ ಎರಡು ಕೀಲಿಗಳಲ್ಲಿ ಒಂದನ್ನು ಮಗುವಿನ ಉಡಿದಾರಕ್ಕೆ ಕಟ್ಟಿ, ಇನ್ನೊಂದನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಟ್ರಂಕೇ ಇಲ್ಲದ ಮನೆಯಲ್ಲಿ ಆ ಕೀಲಿ ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ.

ಬೇಡಿಕೊಂಡದ್ದೂ ಇವರೇ, ಅಳುವುದೂ ಇವರೇ. ಇದರಲ್ಲಿ ಇಬ್ಬಂದಿತನ ಏನಿಲ್ಲ. ಸಿಕ್ಕ ಒಂದೇ ಒಳ್ಳೆಯ ದಾರಿ ಮನೆಯಿಂದ ಆಚೆ ಹೋಗುವ ದಾರಿಯಾದರೆ ಯಾರಾದರೂ ಹೀಗೆಯೇ. ಮಾದಪ್ಪನ ಕಥೆಯಲ್ಲೂ ಉತ್ತರಾಜಮ್ಮನ ಮಗ ತಾಯಿಯನ್ನು ಬಿಟ್ಟು ಬಂದು ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ. ಕಂಸಾಳೆಯವರು ಆ ಕಥೆ ಹಾಡುವಾಗ ಎದುರಿಗೆ ಕೂತ ಹೆಂಗಸರು ಕಣ್ಣೊರೆಸಿಕೊಳ್ಳುವುದು ದೇವರ ಮಹಿಮೆಗೆ ಮಾತ್ರ ಎಂದು ನನಗನ್ನಿಸುವುದಿಲ್ಲ.

ಹಾಸ್ಟೆಲ್ ಬೇಡ ಎನ್ನುವವರ ಜೊತೆಗೆ ನಾನಿಲ್ಲ. ಈ ಜಿಲ್ಲೆಯ ದಲಿತರ, ಸೋಲಿಗರ, ಕೂಲಿಯವರ ಮಕ್ಕಳಲ್ಲಿ ಇವತ್ತು ಮೇಷ್ಟ್ರಾಗಿ, ನರ್ಸಾಗಿ, ಇಂಜಿನಿಯರಾಗಿ ಇರುವವರನ್ನು ಕೇಳಿ, ಹಾಸ್ಟೆಲಿನ ಊಟ ಉಣ್ಣದವರು ಕಮ್ಮಿ. ಹೆಣ್ಣುಮಕ್ಕಳಿಗಂತೂ ಎಷ್ಟೋ ಸಲ ಹಾಸ್ಟೆಲ್ ಎಂದರೆ ಹದಿನೈದಕ್ಕೇ ಬರುವ ಗಂಡಿನ ಕಡೆಯವರಿಂದ ತಪ್ಪಿಸಿಕೊಳ್ಳುವ ಜಾಗ. ಮನೆಯೆಂದರೆ ಮಗುವಿಗೆ ಯಾವಾಗಲೂ ಸ್ವರ್ಗ ಎಂದು ನಂಬಲು ಸಾಧ್ಯವಿಲ್ಲದಷ್ಟು ಕುಡಿತ, ಹೊಡೆತ ನಮ್ಮ ಹಟ್ಟಿಗಳಲ್ಲೂ ಕೇರಿಗಳಲ್ಲೂ ಇದೆ. ಆದರೂ ಹನ್ನೊಂದು ವರ್ಷದ ಮಗು ಮನೆ ಬಿಟ್ಟು ಹೋಗುವುದೇ ಬೆಳವಣಿಗೆಯ ಸಹಜ ಹೆಜ್ಜೆ ಎಂದು ಒಪ್ಪಲಾರೆ. ನಮ್ಮ ಕಾನೂನೇ ಹಾಗೆ ಒಪ್ಪಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲ್ಪನೆಯೇ ನೆರೆಹೊರೆಯ ಶಾಲೆ. ಅದರ ಮಾದರಿ ನಿಯಮಗಳಲ್ಲಿ ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದಿದೆ. ಸಂಜೆ ಮಗು ಮನೆಗೆ ಬಂದು ಉಣ್ಣುತ್ತದೆ ಎಂಬುದನ್ನು ಕಾಯ್ದೆ ಹೇಳದೆಯೂ ಇಟ್ಟುಕೊಂಡಿದೆ. ಶಾಲೆಗಳು ಆ ದೂರದಲ್ಲಿ ಇವೆ ಕೂಡ. ಆದರೆ ಒಳ್ಳೆಯ ಶಾಲೆ ಅಂದರೆ ಪರೀಕ್ಷೆ ಬರೆದು ದೂರ ಹೋಗುವ ಶಾಲೆ ಎಂದಾದ ಮೇಲೆ, ಊರ ಶಾಲೆ ಪಟ್ಟಿಯಲ್ಲಿ ಹೆಸರು ಬಾರದವರ ಶಾಲೆಯಾಗುತ್ತದೆ. ನವೋದಯದಲ್ಲಿ ಒಂಬತ್ತನೇ ತರಗತಿಗೆ ಬಂದ ಕೆಲವು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ಶಾಲೆಗೆ ಕಳಿಸುವ ಪದ್ಧತಿಯೂ ಇದೆ. ದೇಶದ ಐಕ್ಯಕ್ಕೆ ಒಳ್ಳೆಯದು. ಕಳಿಸಿ ಬಂದ ರಾತ್ರಿ ಮನೆಯಲ್ಲಿ ಒಲೆ ಹಚ್ಚುವ ಮನಸ್ಸು ಯಾರಿಗಿರುತ್ತದೆ?

ಬೇರೆ ಥರವೂ ಆಗಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಬದನಗುಪ್ಪೆ ರೈಲ್ವೆ ಸ್ಟೇಷನ್ನಿಗೆ ಬೆಳಿಗ್ಗೆ ಬಂದರೆ ಸಾಕು. ಆ ಕಡೆ ನಂಜನಗೂಡು, ಮೈಸೂರು. ಈ ಕಡೆ ಮರಿಯಾಲ ಗಂಗವಾಡಿ ದಾಟಿದರೆ ಚಾಮರಾಜನಗರ. ಮನೆಯಿಂದ ಕಾಲೇಜಿಗೆ ಓಡಾಡಲು ಹುಡುಗಿಯರಿಗೆ ಪದವಿವರೆಗೆ, ಹುಡುಗರಿಗೆ ಪಿಯುಸಿವರೆಗೆ ರೈಲ್ವೆಯ ತಿಂಗಳ ಪಾಸು ಉಚಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೂ ಉಚಿತ. ಅದನ್ನು ಓಟಿನ ಲೆಕ್ಕದಲ್ಲೇ ಅಳೆಯುವವರು ಅಳೆಯಲಿ. ನನಗೆ ಕಾಣುವುದು, ಬೆಳಿಗ್ಗೆ ಹೊರಟ ಹುಡುಗಿ ಸಂಜೆ ಮನೆಗೆ ಬರುತ್ತಾಳೆ. ಬಂದವಳು ಬ್ಯಾಗು ಬಿಸಾಡಿ, ಲೆಕ್ಚರರ್ ಹೀಗಂದರು, ಗೆಳತಿ ಹಾಗಂದಳು ಎಂದು ಹೇಳುತ್ತಾಳೆ, ಕೆಲವು ದಿನ ಏನೂ ಹೇಳದೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಆ ಸುಮ್ಮನಿರುವುದೂ ತಾಯಿಯ ಕಣ್ಣೆದುರೇ. ಅವಳು ನಮ್ಮಿಂದ ದೂರವಾಗುತ್ತಿಲ್ಲವೆ? ಆಗುತ್ತಿದ್ದಾಳೆ, ದಿನಕ್ಕಿಷ್ಟು. ಅಷ್ಟನ್ನು ತಾಳಿಕೊಳ್ಳುವ ಶಕ್ತಿ ಹೆತ್ತವರಿಗೆ ಇದ್ದೇ ಇರುತ್ತದೆ. ಒಂದೇ ಸಲ ಟ್ರಂಕಿನ ಜೊತೆ ಹೋಗಿ, ದಸರಾ ರಜೆಗೆ ನೆಂಟರ ಹಾಗೆ ಬರುವುದನ್ನು ತಾಳುವುದು ಬೇರೆ ಮಾತು.

ಅಗಲಿಕೆಗೆ ಏರ್ಪಾಡು ಮಾಡುವುದು ನಮ್ಮ ಜನಕ್ಕೆ ಗೊತ್ತಿಲ್ಲದ್ದೂ ಅಲ್ಲ. ಮದುವೆ ಮಾಡಿ ಕೊಟ್ಟ ಮಗಳಿಗೆ ಮೊದಲ ಆಷಾಢ ತವರಿನಲ್ಲೇ. ಆ ತಿಂಗಳಲ್ಲೇ ಚಾಮರಾಜೇಶ್ವರನ ತೇರು, ಹೊಸ ಜೋಡಿಗಳು ಅಲ್ಲಿಗೆ ಬಂದು ಸೇರುತ್ತವೆ. ಗೌರಿ ಹಬ್ಬಕ್ಕೆ ಬಾಗಿನ, ದೀಪಾವಳಿಗೆ ಕರೆ, ಮೊದಲ ಹೆರಿಗೆ ತವರಲ್ಲಿ. ಮಗಳು ಹೋದಳೆಂದರೆ ಹೋದಳು ಎಂದು ಹಳಬರು ಬಿಡಲಿಲ್ಲ, ವರ್ಷಕ್ಕಿಷ್ಟು ಸಲ ಬಂದು ಹೋಗಲೇಬೇಕೆಂದು ಹಬ್ಬಗಳನ್ನೇ ಕಾವಲಿಟ್ಟರು. ಆ ವ್ಯವಸ್ಥೆಯ ಇತರ ಅನ್ಯಾಯಗಳನ್ನು ನಾನು ಮರೆತಿಲ್ಲ. ಆದರೆ ಮದುವಣಗಿತ್ತಿಗೆ ಇಷ್ಟೆಲ್ಲ ವಾಪಸಿನ ದಾರಿಗಳನ್ನಿಟ್ಟ ಸಮಾಜ, ಹನ್ನೊಂದರ ಮಗುವನ್ನು ಕಳಿಸುವಾಗ ಏನು ಇಟ್ಟಿದೆ? ತಿಂಗಳಿಗೊಮ್ಮೆ ಹೆತ್ತವರು ಭೇಟಿಗೆ ಹೋಗುವ ಭಾನುವಾರ, ಗೇಟಿನ ಬಳಿ ಮರದ ನೆರಳಲ್ಲಿ ಬಿಚ್ಚಿದ ಬುತ್ತಿ, ವಾರ್ಡನ್ನಿನ ಫೋನಿಗೆ ಕ್ಯೂ.

ಹಾಗಾಗಿ ನಾನು ಕೇಳುವುದು ದೊಡ್ಡ ಸಂಗತಿಗಳನ್ನಲ್ಲ. ಕಾರ್ಖಾನೆಯಲ್ಲಿ ದುಡಿಯುವ ತಾಯಿ ತಂದೆ ತಮ್ಮ ಹದಿನಾಲ್ಕು ದಿನದಲ್ಲಿ ಒಂದಷ್ಟನ್ನು ಮಕ್ಕಳ ರಜೆಯಲ್ಲೇ ತೆಗೆದುಕೊಳ್ಳುವಂತೆ ಸರದಿ ಹಾಕಿಕೊಡುವುದು ಸೂಪರ್‌ವೈಸರ್ ಮಟ್ಟದಲ್ಲಿ ಆಗುವ ಕೆಲಸ. ಬೇಸಿಗೆಯ 48 ದಿನವೂ ಊರ ಶಾಲೆಯ ಒಂದು ಕೋಣೆ, ಒಂದು ಅಡಿಗೆಮನೆ, ಒಬ್ಬ ದೊಡ್ಡವರ ಕಣ್ಣು ಇರುವಂತೆ ನೋಡಿಕೊಳ್ಳುವುದು ಪಂಚಾಯಿತಿಯಿಂದ ಆಗುತ್ತದೆ. ಬರಗಾಲದಲ್ಲಿ ಆಗಿದ್ದು ಮಾಮೂಲಿ ವರ್ಷದಲ್ಲಿ ಯಾಕಾಗಬಾರದು? ಕೃಷಿ ಹೊಂಡಕ್ಕೆ ಬೇಲಿ, ಒಂದು ಹಗ್ಗ. ವಸತಿ ಶಾಲೆಗಳಿಗೆ ತಿಂಗಳಿಗೆ ಒಂದು ಶನಿವಾರ ಭಾನುವಾರ ಮಗು ಮನೆಗೆ ಬಂದು ಹೋಗುವ ರಜೆ, ಅದಕ್ಕೆ ಹೊಂದುವ ಬಸ್ಸು. ಪರೀಕ್ಷೆ ಬರೆಸಿ ಆಯ್ದ ಮಕ್ಕಳಿಗೆ ಹೊಂಡರಬಾಳಿನಲ್ಲಿ ಕೊಡುವ ಮೇಷ್ಟ್ರು, ಲ್ಯಾಬು, ಆಟದ ಬಯಲನ್ನು ಬದನಗುಪ್ಪೆಗೂ ಕೊಡಿ ಎನ್ನುವುದು ಮಾತ್ರ ಸ್ವಲ್ಪ ದುಬಾರಿ ಬೇಡಿಕೆ. ಆದರೆ ಸಾವಿರ ಎಕರೆ ಕೊಟ್ಟ ಊರುಗಳ ಸೀಮೆ ಅಷ್ಟನ್ನು ಕೇಳಬಹುದು.

ಇಷ್ಟೆಲ್ಲ ಆದ ಮೇಲೂ ಮೇ ಕೊನೆಯ ವಾರದಲ್ಲಿ ಹೊಟ್ಟೆಯಲ್ಲಿ ಏನೋ ಕಲಕುತ್ತದೆ ಎಂದು ಯಾರಾದರೂ ಬಂದು ಹೇಳಿದರೆ, ಆಗ ನಾನೂ ಹಿರಿಯರ ಜೊತೆ ಸೇರಿ, ಮಕ್ಳು ಬೆಳೀತವೆ ಕನವ್ವ, ಅದ್ಕೆಲ್ಲ ಕೊರಗಕಾಯ್ತದಾ ಅನ್ನುತ್ತೇನೆ. ಅಲ್ಲಿಯವರೆಗೆ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.